ಪ್ರಶ್ನೋತ್ತರ: ಬ್ರಿಟನ್ನಿನ ಪಂಜರಪಕ್ಷಿ ಸಂಘಗಳ ನಿನ್ನೆ ಮತ್ತು ನಾಳೆ

ಕ್ಯಾನರಿ (ಹಾಡುವ ಚಿಕ್ಕ ಹಕ್ಕಿ), ಬಡ್ಜರಿಗರ್ (ಆಸ್ಟ್ರೇಲಿಯಾ ಮೂಲದ ಪುಟ್ಟ ಗಿಳಿ), ಫಿಂಚ್ (ಕಾಳು ತಿನ್ನುವ ಚಿಕ್ಕ ಹಕ್ಕಿ) ಮುಂತಾದ ಹಕ್ಕಿಗಳನ್ನು ಸಾಕಿ, ಮರಿ ಮಾಡಿಸಿ, ಸ್ಪರ್ಧೆಗೆ ಇಡುವವರು ಬ್ರಿಟನ್ನಿನ ಊರೂರುಗಳಲ್ಲಿ ಕಟ್ಟಿಕೊಂಡ ಸಂಘಗಳ ಕುರಿತು ಹಲವು ಓದುಗರು ಬರೆದಿದ್ದಾರೆ. ಒಂದೇ ಆಶಯದ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಇಂಥ ಸಂಘಗಳು ಹುಟ್ಟಿದ್ದು ಯಾವಾಗ ಮತ್ತು ಏಕೆ? ಹಕ್ಕಿ ಸಾಕುವುದು ಶ್ರೀಮಂತರ ಹವ್ಯಾಸವಾಗಿತ್ತಲ್ಲವೇ?

ಉತ್ತರ: ಆರಂಭದಲ್ಲಿ ಅದು ಉಳ್ಳವರ ಹವ್ಯಾಸವೇ ಆಗಿತ್ತು. ಕ್ಯಾನರಿ ದ್ವೀಪಗಳು, ಮದೇರಾ ಮತ್ತು ಅಜೋರ್ಸ್‌ಗಳ ಕಾಡುಹಕ್ಕಿ ಸ್ಪೇನಿನವರ ಮೂಲಕ ಯುರೋಪಿಗೆ ಬಂದಾಗ ಅದು ಈಗ ನಮ್ಮ ಕಣ್ಣ ಮುಂದೆ ಬರುವ ಹಳದಿ ಹಕ್ಕಿಯಾಗಿರಲಿಲ್ಲ. ಹಸಿರು ಬೆರೆತ ಮೈಮೇಲೆ ಕಂದು ಗೀರುಗಳಿದ್ದ, ಗುಬ್ಬಚ್ಚಿಗಿಂತ ಚಿಕ್ಕದಾದ ಹಕ್ಕಿ ಅದು. ಗಂಡಿನ ಹಾಡಿಗಾಗಿ ದೊಡ್ಡ ಮನೆತನಗಳು ಅದನ್ನು ಕೊಳ್ಳುತ್ತಿದ್ದವು. ಆದರೆ ಪಂಜರದಲ್ಲಿ ಸುಲಭವಾಗಿ ಮರಿ ಮಾಡುವ ಹಕ್ಕಿ ಬಹುಕಾಲ ದುಬಾರಿಯಾಗಿ ಉಳಿಯುವುದಿಲ್ಲ. 19ನೇ ಶತಮಾನದ ಹೊತ್ತಿಗೆ ಬ್ರಿಟನ್ನಿನಲ್ಲಿ ಕ್ಯಾನರಿ ನೇಕಾರರ, ಗಣಿ ಕಾರ್ಮಿಕರ ಮತ್ತು ಚಮ್ಮಾರರ ಮನೆಗಳಿಗೆ ಇಳಿದು ಬಂದಿತ್ತು.

ಇದಕ್ಕೆ ನಾರ್ವಿಚ್ ನಗರ ಒಳ್ಳೆಯ ಉದಾಹರಣೆ. ಕುಸಿಯುತ್ತಿದ್ದ ನೇಯ್ಗೆ ಉದ್ಯಮವನ್ನು ಎತ್ತಿ ನಿಲ್ಲಿಸಲು ಅಲ್ಲಿನ ನಗರಾಡಳಿತ 1565ರಲ್ಲಿ ಫ್ಲಾಂಡರ್ಸ್ ಕಡೆಯ ನೇಕಾರರನ್ನು ಕರೆಸಿಕೊಂಡಿತು. ಕ್ಯಾನರಿಯೂ ಅವರೊಂದಿಗೇ ಬಂದಿತೆಂಬುದು ಆ ಊರಿನಲ್ಲಿ ತಲೆಮಾರುಗಳಿಂದ ನಡೆದು ಬಂದ ಮಾತು. ದಿನವಿಡೀ ಮನೆಯೊಳಗೆ ಮಗ್ಗದ ಮುಂದೆ ಕೂರುವವನಿಗೆ ಹಕ್ಕಿ ಜೊತೆಯೂ ಆಯಿತು, ಮರಿಗಳನ್ನು ಮಾರಿದರೆ ನಾಲ್ಕು ಕಾಸಿನ ಆದಾಯವೂ ಆಯಿತು. ನಾರ್ವಿಚ್ ಸಿಟಿ ಫುಟ್‌ಬಾಲ್ ತಂಡ ಇಂದಿಗೂ ಹಳದಿ ಅಂಗಿ ತೊಟ್ಟು ‘ಕ್ಯಾನರಿಗಳು’ ಎಂದೇ ಕರೆಸಿಕೊಳ್ಳುತ್ತದೆ. ನಾರ್ವಿಚ್, ಯಾರ್ಕ್‌ಷೈರ್, ಲ್ಯಾಂಕಾಷೈರ್, ಬಾರ್ಡರ್, ಫೈಫ್, ಗ್ಲಾಸ್ಟರ್ ಎಂದು ತಳಿಗಳ ಹೆಸರುಗಳಲ್ಲಿ ಹೆಚ್ಚಿನವು ಊರು ಮತ್ತು ಸೀಮೆಗಳ ಹೆಸರುಗಳೇ ಆಗಿರುವುದನ್ನು ನೋಡಿದರೆ, ತಳಿಯನ್ನು ರೂಪಿಸಿದ್ದು ಒಬ್ಬಿಬ್ಬ ಧನಿಕರಲ್ಲ, ಒಂದು ಪ್ರದೇಶದ ನೆರೆಹೊರೆಯವರು ಎಂಬುದು ತಿಳಿಯುತ್ತದೆ.

ಸಂಘ ಏಕೆ ಬೇಕಾಯಿತೆಂದರೆ, ಜಗಳ ತೀರಿಸಲು. ಯಾವುದು ಉತ್ತಮ ಹಕ್ಕಿ ಎಂಬುದಕ್ಕೆ ಒಪ್ಪಿತವಾದ ಅಳತೆ ಇಲ್ಲದಿದ್ದರೆ ಸ್ಪರ್ಧೆ ನಡೆಯುವುದಿಲ್ಲ. 1870ರ ದಶಕದಲ್ಲಿ ಕೆಲವು ಪ್ರದರ್ಶನಗಳಿಗೆ ಹಳದಿಯ ಬದಲು ಗಾಢವಾದ ಕಿತ್ತಳೆ ಬಣ್ಣದ ನಾರ್ವಿಚ್ ಕ್ಯಾನರಿಗಳು ಬಂದಾಗ, ಅವುಗಳಿಗೆ ಬಣ್ಣ ಬಳಿದಿದ್ದಾರೆಂದು ಎದುರಾಳಿಗಳು ಕೂಗಾಡಿದರು. ಗರಿಗಳನ್ನು ತೊಳೆದು ನೋಡಿದರೂ ಬಣ್ಣ ಹೋಗಲಿಲ್ಲ. ಗರಿ ಉದುರಿ ಹೊಸ ಗರಿ ಮೂಡುವ ವಾರಗಳಲ್ಲಿ ಹಕ್ಕಿಗಳಿಗೆ ಕೆಂಪು ಮೆಣಸಿನ ಪುಡಿಯನ್ನು ಆಹಾರದಲ್ಲಿ ಬೆರೆಸಿ ತಿನ್ನಿಸಲಾಗಿತ್ತು. ಬೆಳೆಯುತ್ತಿರುವ ಗರಿಯೊಳಗೆ ರಕ್ತದ ಮೂಲಕ ಸೇರಿದ ಬಣ್ಣ ಮುಂದಿನ ವರ್ಷ ಆ ಗರಿ ಉದುರುವವರೆಗೂ ಉಳಿಯುತ್ತದೆ. ಇದು ಮೋಸವೋ ಜಾಣತನವೋ ಎಂದು ವರ್ಷಗಟ್ಟಲೆ ವಾದ ನಡೆದು, ಕೊನೆಗೆ ಬಣ್ಣದ ಆಹಾರ ತಿಂದವಕ್ಕೂ ತಿನ್ನದವಕ್ಕೂ ಬೇರೆ ಬೇರೆ ವಿಭಾಗಗಳಾದವು. ಸಂಘಗಳ ನಿಯಮಾವಳಿಯಲ್ಲಿ ವಿಚಿತ್ರವೆನಿಸುವ ಒಂದೊಂದು ಸಾಲಿನ ಹಿಂದೆಯೂ ಇಂಥ ತಕರಾರು ಅಡಗಿರುತ್ತದೆ.

ಪ್ರಶ್ನೆ: ಪ್ರದರ್ಶನದಲ್ಲಿ ನಿಜವಾಗಿ ಏನನ್ನು ನೋಡುತ್ತಾರೆ? ಪರಿಚಯಸ್ಥರಿಗೆ ಬಹುಮಾನ ಹೋಗದಂತೆ ಹೇಗೆ ತಡೆಯುತ್ತಾರೆ?

ಉತ್ತರ: ಪ್ರತಿ ತಳಿಗೂ ಅದರ ಸಂಘ ಬರೆದಿಟ್ಟ ಆದರ್ಶ ರೂಪವಿದೆ; ತಲೆ, ಕತ್ತು, ನಿಲುವು, ಗರಿಯ ಗುಣ, ಬಣ್ಣ, ಗಾತ್ರ ಎಂದು ಅಂಕಗಳನ್ನು ಹಂಚಿರುತ್ತಾರೆ. ತೀರ್ಪುಗಾರ ಅಂಕ ಕೂಡಿಸುತ್ತ ಕೂರುವುದು ಕಡಿಮೆ, ಹಕ್ಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದೇ ಹೆಚ್ಚು. ಒಳಗೆ ಬಿಳಿ, ಹೊರಗೆ ಕಪ್ಪು ಬಣ್ಣ ಬಳಿದ ಬಡ್ಜರಿಗರ್ ಸ್ಪರ್ಧಾ ಪಂಜರಗಳು ಎಲ್ಲವೂ ಒಂದೇ ಅಳತೆಯವು. ಮಾಲೀಕನನ್ನು ಗುರುತಿಸಬಹುದಾದ ಒಂದು ಗುರುತು, ಬೇರೆ ಬಗೆಯ ಕೂರುಕಡ್ಡಿ ಅಥವಾ ಎದ್ದು ಕಾಣುವ ಗೀಚು ಕಂಡರೂ ಆ ಪಂಜರವನ್ನು ಸ್ಪರ್ಧೆಯಿಂದ ಹೊರಗಿಡಬಹುದು. ಹೊಸಬರು ಮತ್ತು ನುರಿತವರು ಬೇರೆ ಬೇರೆ ಹಂತಗಳಲ್ಲಿ ಸ್ಪರ್ಧಿಸುತ್ತಾರೆ. ಗೆಲುವುಗಳು ಕೂಡಿದಂತೆ ಮೇಲಿನ ಹಂತಕ್ಕೆ ಏರಬೇಕು. ಇಷ್ಟೆಲ್ಲ ಇದ್ದರೂ ಸಣ್ಣ ಊರಿನಲ್ಲಿ ಯಾರ ಹಕ್ಕಿ ಯಾವುದೆಂದು ಅನುಭವಿಗಳಿಗೆ ಗೊತ್ತಾಗಿಯೇ ಆಗುತ್ತದೆ. ಆದ್ದರಿಂದಲೇ ತೀರ್ಪುಗಾರರನ್ನು ದೂರದ ಊರಿನಿಂದ ಕರೆಸುವ ರೂಢಿ ಬಂದಿದೆ.

ಪ್ರಶ್ನೆ: ಕಾಡಿನ ಹಕ್ಕಿಗಳನ್ನು ಹಿಡಿದು ತರುತ್ತಿದ್ದವರೂ ಇದೇ ಜನರಲ್ಲವೇ? ಹಾಗಿದ್ದರೆ ಈ ಸಂಘಗಳನ್ನು ಏಕೆ ಹೊಗಳಬೇಕು?

ಉತ್ತರ: ಪ್ರಶ್ನೆ ನ್ಯಾಯವಾದದ್ದು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಗೋಲ್ಡ್‌ಫಿಂಚ್, ಲಿನೆಟ್ ಮತ್ತು ಬುಲ್‌ಫಿಂಚ್ ಎಂಬ ಕಾಡಿನ ಫಿಂಚ್‌ಗಳನ್ನು ಬಲೆ ಮತ್ತು ಅಂಟಿನಿಂದ ಹಿಡಿದು ಮಾರುವುದು ದೊಡ್ಡ ವ್ಯಾಪಾರವಾಗಿತ್ತು. ದಕ್ಷಿಣ ಕರಾವಳಿಯ ವರ್ದಿಂಗ್ ಪಟ್ಟಣದ ಸುತ್ತಮುತ್ತ 1860ರ ಸುಮಾರಿಗೆ ವರ್ಷಕ್ಕೆ 1,32,000 ಗೋಲ್ಡ್‌ಫಿಂಚ್‌ಗಳನ್ನು ಹಿಡಿಯಲಾಗುತ್ತಿತ್ತೆಂಬ ಲೆಕ್ಕವನ್ನು ಪಕ್ಷಿ ಸಂರಕ್ಷಣೆಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. ಲಂಡನ್ನಿನ ಪೂರ್ವಭಾಗದ ಕ್ಲಬ್ ರೋ ಬೀದಿಯ ಭಾನುವಾರದ ಸಂತೆಯಲ್ಲಿ ಇಂಥ ಹಕ್ಕಿಗಳು ಅಂಗೈಯಗಲದ ಪಂಜರಗಳಲ್ಲಿ ಮಾರಾಟವಾಗುತ್ತಿದ್ದವು. ಸಂಘಗಳ ಸದಸ್ಯರು ಕೊಳ್ಳುವವರಾಗಿದ್ದರು, ಕೆಲವರು ಹಿಡಿಯುವವರೂ ಆಗಿದ್ದರು. ಇದನ್ನು ಮುಚ್ಚಿಟ್ಟು ಸಂಘದ ಚರಿತ್ರೆ ಬರೆದರೆ ಅದು ಚರಿತ್ರೆಯಾಗುವುದಿಲ್ಲ.

ಬದಲಾವಣೆ ಒಳಗಿನಿಂದ ಬಂದದ್ದಕ್ಕಿಂತ ಹೊರಗಿನ ಒತ್ತಡದಿಂದ ಬಂದದ್ದೇ ಹೆಚ್ಚು. ಈಗ ಆರ್‌ಎಸ್‌ಪಿಬಿ ಎಂದು ಕರೆಯಲಾಗುವ ಪಕ್ಷಿ ಸಂರಕ್ಷಣಾ ಸಂಸ್ಥೆ 1889ರಲ್ಲಿ ಹುಟ್ಟಿತು. 1933ರ ಕಾಯಿದೆ ಪಟ್ಟಿ ಮಾಡಿದ ಕಾಡುಹಕ್ಕಿಗಳ ಮಾರಾಟವನ್ನು ನಿಷೇಧಿಸಿತು, 1954ರ ಕಾಯಿದೆ ರಕ್ಷಣೆಯನ್ನು ವ್ಯಾಪಕಗೊಳಿಸಿತು, 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯಿದೆ ಈಗಿನ ವ್ಯವಸ್ಥೆಗೆ ತಳಹದಿ ಹಾಕಿತು. ಗೋಲ್ಡ್‌ಫಿಂಚ್‌ನಂಥ ಸ್ಥಳೀಯ ಹಕ್ಕಿಯನ್ನು ಸ್ಪರ್ಧೆಗೆ ಇಡಬೇಕಾದರೆ ಅದು ಪಂಜರದಲ್ಲೇ ಹುಟ್ಟಿರಬೇಕು ಮತ್ತು ಅದರ ಕಾಲಲ್ಲಿ ಮುಚ್ಚಿದ ಉಂಗುರ (ಸೀಳಿಲ್ಲದ ಇಡಿಯ ಬಳೆ) ಇರಬೇಕು. ಹಕ್ಕಿ ರೆಕ್ಕೆಗಳನ್ನು ಸಲೀಸಾಗಿ ಚಾಚಲಾಗದಷ್ಟು ಚಿಕ್ಕ ಪಂಜರದಲ್ಲಿ ಅದನ್ನು ಇಡುವುದು ಅಪರಾಧ. ಪ್ರದರ್ಶನದ ಪಂಜರಕ್ಕೆ ವಿನಾಯಿತಿಯಿದೆ, ಅದೂ ಒಟ್ಟು 72 ಗಂಟೆ ಮೀರುವಂತಿಲ್ಲ.

ಕಾನೂನು ಬಾಗಿಲು ಮುಚ್ಚಿದ ಮೇಲೆ ಸಾಕುವವರು ಸ್ಥಳೀಯ ಫಿಂಚ್‌ಗಳನ್ನು ಮರಿ ಮಾಡಿಸುವ ಕಷ್ಟದ ವಿದ್ಯೆಯನ್ನು ಶ್ರದ್ಧೆಯಿಂದ ಕಲಿತರು. ಯಾವ ತಿಂಗಳಲ್ಲಿ ಯಾವ ಹುಳು, ಯಾವ ಕಳೆಗಿಡದ ಎಳೆ ಬೀಜ ಬೇಕೆಂದು ಕಂಡುಕೊಂಡರು. ಹೊಗಳುವುದಾದರೆ ಈ ಎರಡನೆಯ ಅಧ್ಯಾಯವನ್ನು ಹೊಗಳಬೇಕು.

ಪ್ರಶ್ನೆ: ಕ್ಯಾನರಿಗಳ ಸಂಘಗಳಲ್ಲಿ ಬಡ್ಜರಿಗರ್‌ಗಳು ಮೇಲುಗೈ ಸಾಧಿಸಿದ್ದು ಹೇಗೆ?

ಉತ್ತರ: ಪಕ್ಷಿತಜ್ಞ ಜಾನ್ ಗೌಲ್ಡ್ 1840ರಲ್ಲಿ ಆಸ್ಟ್ರೇಲಿಯಾದಿಂದ ಜೀವಂತ ಬಡ್ಜರಿಗರ್‌ಗಳನ್ನು ಇಂಗ್ಲೆಂಡಿಗೆ ತಂದ. ಮೂಲ ಹಕ್ಕಿ ಹಸಿರು. ನೀಲಿ, ಬಿಳಿ ಮತ್ತು ಬೂದು ಬಣ್ಣಗಳು ಪಂಜರದಲ್ಲಿ ಕಾಣಿಸಿಕೊಂಡ ಮಾರ್ಪಾಡುಗಳು. ಇವು ವಂಶವಾಹಿಯ ಸರಳ ಲೆಕ್ಕದಂತೆ ಮರಿಗಳಿಗೆ ಇಳಿಯುವುದರಿಂದ, ಶಾಲೆ ಬೇಗ ಬಿಟ್ಟ ಕಾರ್ಮಿಕನೂ ಕಾಗದದ ಮೇಲೆ ಲೆಕ್ಕ ಹಾಕಿ ಮುಂದಿನ ಮರಿಗಳ ಬಣ್ಣವನ್ನು ಮೊದಲೇ ಹೇಳಬಲ್ಲವನಾದ. 1925ರಲ್ಲಿ ಬಡ್ಜರಿಗರ್ ಸೊಸೈಟಿ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಹೊರದೇಶದ ಕಾಳಿನ ಅಭಾವದಿಂದ ಸಾಕಣೆಗೆ ಪೆಟ್ಟು ಬಿದ್ದರೂ, 1950ರ ದಶಕದಲ್ಲಿ ಬಡ್ಜಿ (ಬಡ್ಜರಿಗರ್‌ನ ಮುದ್ದಿನ ಹೆಸರು) ಬ್ರಿಟನ್ನಿನ ಮನೆಮನೆಯ ಹಕ್ಕಿಯಾಯಿತು. ಸ್ಪಾರ್ಕಿ ವಿಲಿಯಮ್ಸ್ ಎಂಬ ಮಾತನಾಡುವ ಬಡ್ಜಿ 1958ರಲ್ಲಿ ಬಿಬಿಸಿ ನಡೆಸಿದ ಸ್ಪರ್ಧೆಯನ್ನು ಗೆದ್ದು ದೇಶಕ್ಕೇ ಪರಿಚಿತವಾಯಿತು. 1962ರಲ್ಲಿ ಸತ್ತ ಆ ಹಕ್ಕಿಯ ದೇಹವನ್ನು ನ್ಯೂಕಾಸಲ್‌ನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿ ಇಟ್ಟಿದ್ದಾರೆ.

ಪ್ರಶ್ನೆ: ಕಾಲಿಗೆ ಉಂಗುರ ಹಾಕುವುದು ಹಿಂಸೆಯಲ್ಲವೇ?

ಉತ್ತರ: ಸರಿಯಾದ ಅಳತೆಯ ಉಂಗುರವನ್ನು ಸರಿಯಾದ ದಿನ ಹಾಕಿದರೆ ಅಲ್ಲ. ಕ್ಯಾನರಿ ಮರಿಗೆ ಐದರಿಂದ ಏಳು ದಿನಗಳಾದಾಗ ಮುಂದಿನ ಮೂರು ಬೆರಳುಗಳನ್ನು ಒಟ್ಟಿಗೆ ಹಿಡಿದು ಉಂಗುರವನ್ನು ಪಾದದ ಮೇಲೆ ಜಾರಿಸಿ, ಒಳಗೆ ಸಿಕ್ಕಿದ ಹಿಂಬೆರಳನ್ನು ಚೂಪಾದ ಕಡ್ಡಿಯಿಂದ ಮೆಲ್ಲನೆ ಬಿಡಿಸುತ್ತಾರೆ. ಎರಡು ದಿನ ತಡವಾದರೆ ಪಾದ ಬಲಿತು ಉಂಗುರ ಹಿಡಿಸುವುದಿಲ್ಲ. ಬೇಗ ಹಾಕಿದರೆ ಕಳಚಿ ಬೀಳುತ್ತದೆ. ಕಷ್ಟವಿರುವುದು ತಾಯಿಯ ಕಡೆಯಿಂದ. ಗೂಡನ್ನು ಚೊಕ್ಕಟವಾಗಿಡುವ ತಾಯಿಹಕ್ಕಿ ಹೊಳೆಯುವ ಉಂಗುರವನ್ನು ಕಸವೆಂದು ತಿಳಿದು, ಅದನ್ನು ಕಚ್ಚಿ ಎಸೆಯುವಾಗ ಮರಿಯನ್ನೂ ಗೂಡಿನಿಂದ ಎಳೆದು ಹಾಕುವುದುಂಟು. ಅದಕ್ಕಾಗಿ ಅನುಭವಿಗಳು ಉಂಗುರ ಹಾಕುವ ಕೆಲಸವನ್ನು ಸಂಜೆಗೆ, ತಾಯಿ ಗೂಡು ಶುಚಿಗೊಳಿಸುವುದನ್ನು ಮುಗಿಸಿ ಕಾವಿಗೆ ಕೂರುವ ಹೊತ್ತಿಗೆ ಇಟ್ಟುಕೊಳ್ಳುತ್ತಾರೆ. ಬೆಳೆದ ಹಕ್ಕಿಗೆ ಈ ಉಂಗುರವನ್ನು ತೊಡಿಸಲಾಗದು. ಆದ್ದರಿಂದಲೇ ಅದು ಪಂಜರದಲ್ಲಿ ಹುಟ್ಟಿದ್ದಕ್ಕೆ ಸಾಕ್ಷಿಯಾಗುತ್ತದೆ.

ಪ್ರಶ್ನೆ: ಸ್ಪರ್ಧೆಗಾಗಿ ತಳಿ ತಿದ್ದುವುದರಿಂದ ಹಕ್ಕಿಗಳಿಗೆ ಹಾನಿಯಾಗಿದೆಯೇ?

ಉತ್ತರ: ಆಗಿದೆ. ಇದನ್ನು ಒಪ್ಪಿಕೊಳ್ಳಲು ಅನೇಕ ಸಂಘಗಳು ಹಿಂಜರಿದಿವೆ. ಕ್ಯಾನರಿಗಳಲ್ಲಿ ಗರಿಯ ರಚನೆ ಎರಡು ಬಗೆ: ಅಂಚಿನವರೆಗೂ ಬಣ್ಣವಿರುವ ಬಿಗಿಯಾದ ಗರಿ ಒಂದು, ತುದಿ ಮಾಸಲಾಗಿರುವ ಅಗಲ ಮತ್ತು ಮೃದುವಾದ ಗರಿ ಇನ್ನೊಂದು. ಒಂದನ್ನು ಇನ್ನೊಂದರೊಂದಿಗೆ ಜೋಡಿ ಮಾಡುವುದು ಹಳೆಯ ಪದ್ಧತಿ. ದುಂಡಗಿನ, ದೊಡ್ಡದಾಗಿ ಕಾಣುವ ನಾರ್ವಿಚ್ ಬೇಕೆಂಬ ಆಸೆಗೆ ಬಿದ್ದು ಮೃದುಗರಿಯವನ್ನೇ ತಲೆಮಾರಿನಿಂದ ತಲೆಮಾರಿಗೆ ಜೋಡಿ ಮಾಡಿದಾಗ, ಗರಿ ಚರ್ಮವನ್ನು ಸೀಳಿ ಹೊರಬರಲಾರದೆ ಒಳಗೇ ಸುರುಳಿಯಾಗಿ ಗಂಟು ಕಟ್ಟುವ ರೋಗ ಆ ತಳಿಯಲ್ಲಿ ಹೆಚ್ಚಿತು. ಮದುವೆಯ ಉಂಗುರದೊಳಗೆ ತೂರಿಸಬಹುದೆಂದು ಒಂದು ಕಾಲದಲ್ಲಿ ಬಣ್ಣಿಸಲಾಗುತ್ತಿದ್ದ ತೆಳುಮೈಯ ಯಾರ್ಕ್‌ಷೈರ್ ಈಗ ಅಗಲ ಹೆಗಲಿನ ದೊಡ್ಡ ಹಕ್ಕಿ. ಪ್ರದರ್ಶನದ ಬಡ್ಜರಿಗರ್‌ನ ತಲೆಗರಿಗಳು ಕಣ್ಣನ್ನು ಮುಚ್ಚುವಷ್ಟು ಬೆಳೆದಿರುವುದನ್ನು ಯಾರು ಬೇಕಾದರೂ ನೋಡಬಹುದು.

ಆದರೆ ತಡೆಯುವ ಜ್ಞಾನ ಇರುವುದೂ ಇದೇ ಸಂಘಗಳಲ್ಲಿ. 1925ರಲ್ಲಿ ಹುಟ್ಟಿದ ಗ್ಲಾಸ್ಟರ್ ತಳಿಯಲ್ಲಿ ಜುಟ್ಟಿರುವ ಹಕ್ಕಿಯನ್ನು ಜುಟ್ಟಿಲ್ಲದ್ದರೊಡನೆಯೇ ಜೋಡಿ ಮಾಡಬೇಕು. ಜುಟ್ಟಿನ ವಂಶವಾಹಿ ತಂದೆ ತಾಯಿ ಇಬ್ಬರಿಂದಲೂ ಬಂದ ಮರಿ ಬದುಕುವುದಿಲ್ಲ. ಹೊಸಬನಿಗೆ ಇದನ್ನು ಮೊದಲ ದಿನವೇ ಹೇಳಿಕೊಡುವವರು ಸಂಘದ ಹಿರಿಯರು, ಅಂಗಡಿಯವರಲ್ಲ. ನನ್ನ ಅಭಿಪ್ರಾಯದಲ್ಲಿ ತಪ್ಪು ಇರುವುದು ಸ್ಪರ್ಧೆಯಲ್ಲಲ್ಲ, ಅಂಕಪಟ್ಟಿಯಲ್ಲಿ. ಹಾರಾಟ, ದೃಷ್ಟಿ ಮತ್ತು ಮರಿ ಸಾಕುವ ಶಕ್ತಿಗೆ ಅಂಕವಿಲ್ಲದ ಕಡೆ ಅವು ಕ್ಷೀಣಿಸುವುದು ಸಹಜ. ಅಂಕಪಟ್ಟಿಯನ್ನು ತಿದ್ದುವ ಅಧಿಕಾರವೂ ಸಂಘಗಳ ಕೈಯಲ್ಲೇ ಇದೆ.

ಪ್ರಶ್ನೆ: ಸದಸ್ಯರ ಸಂಖ್ಯೆ ಕುಗ್ಗಲು ಹಕ್ಕಿಜ್ವರವೇ ಕಾರಣವೇ?

ಉತ್ತರ: ಹಕ್ಕಿಜ್ವರ ಕೊನೆಯ ಪೆಟ್ಟುಗಳಲ್ಲಿ ಒಂದು, ಮೊದಲನೆಯದಲ್ಲ. ಮರದ ಪೆಟ್ಟಿಗೆಯಲ್ಲಿ ಹಕ್ಕಿಯನ್ನು ರೈಲಿಗೆ ಹಾಕಿ ದೂರದ ಪ್ರದರ್ಶನಕ್ಕೆ ಕಳುಹಿಸಿ, ಬಹುಮಾನದ ಚೀಟಿಯೊಂದಿಗೆ ಅದು ಮರಳಿ ಬರುವುದನ್ನು ಕಾಯುವ ಅನುಕೂಲ ಒಂದು ಕಾಲದಲ್ಲಿತ್ತು. ಅದು ನಿಂತ ಮೇಲೆ ಕಾರಿಲ್ಲದ ಸದಸ್ಯರು ಹಿಂದುಳಿದರು. ಗಣಿಗಳೂ ಗಿರಣಿಗಳೂ ಮುಚ್ಚಿದಾಗ ಒಂದೇ ಬೀದಿಯಲ್ಲಿ ಹತ್ತು ಮಂದಿ ಹಕ್ಕಿ ಸಾಕುತ್ತಿದ್ದ ನೆರೆಹೊರೆಗಳು ಚದುರಿದವು. ಗಣಿಯೊಳಗೆ ವಿಷಾನಿಲ ಪತ್ತೆಗೆ ಕ್ಯಾನರಿ ಒಯ್ಯುವ ಪದ್ಧತಿಯೂ 1986ರಲ್ಲಿ ಯಂತ್ರಗಳಿಗೆ ದಾರಿ ಬಿಟ್ಟಿತು. ಸಂಘದ ಸಭೆಗಳಿಗೆ ಕೊಠಡಿಯನ್ನು ಪುಕ್ಕಟೆಯಾಗಿ ಬಿಟ್ಟುಕೊಡುತ್ತಿದ್ದ ಪಬ್‌ಗಳು ಕಡಿಮೆಯಾದವು. 2005ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಕ್ವಾರಂಟೈನ್ ಕೇಂದ್ರವೊಂದರಲ್ಲಿ ಹೊರದೇಶದ ಹಕ್ಕಿಗಳಲ್ಲಿ ಎಚ್5ಎನ್1 ಎಂಬ ಹಕ್ಕಿಜ್ವರದ ವೈರಸ್ ಪತ್ತೆಯಾದಾಗ ಐರೋಪ್ಯ ಒಕ್ಕೂಟ ಕಾಡುಹಕ್ಕಿಗಳ ಆಮದನ್ನು ತಡೆಯಿತು. 2007ರಲ್ಲಿ ಆ ತಡೆ ಕಾಯಂ ಆಯಿತು. ಅದನ್ನು ನಷ್ಟವೆಂದು ನಾನು ಎಣಿಸುವುದಿಲ್ಲ. 2021ರ ನಂತರದ ಚಳಿಗಾಲಗಳಲ್ಲಿ ಹಕ್ಕಿಜ್ವರ ಹರಡಿದಾಗ ಹಕ್ಕಿಗಳನ್ನು ಒಂದೆಡೆ ಸೇರಿಸುವುದರ ಮೇಲೆ ನಿರ್ಬಂಧಗಳು ಬಂದು, ಪ್ರದರ್ಶನದ ದಿನಾಂಕವನ್ನು ಧೈರ್ಯದಿಂದ ಘೋಷಿಸುವುದೇ ಕಷ್ಟವಾಯಿತು.

ಸದಸ್ಯರು ಹೇಳಿಕೊಳ್ಳದ ಇನ್ನೊಂದು ಕಾರಣ ಆರೋಗ್ಯ. ಗರಿಯ ಧೂಳು ಮತ್ತು ಒಣ ಹಿಕ್ಕೆಯ ಪುಡಿಯನ್ನು ವರ್ಷಾನುಗಟ್ಟಲೆ ಉಸಿರಾಡಿದ ಕೆಲವರಿಗೆ ಶ್ವಾಸಕೋಶದ ಅಲರ್ಜಿ ರೋಗ ಬರುತ್ತದೆ, ಕೊನೆಗೆ ವೈದ್ಯರು ಹಕ್ಕಿಗಳನ್ನು ಬಿಡಲೇಬೇಕೆಂದು ಹೇಳುತ್ತಾರೆ. ಗಾಳಿಯಾಡುವ ಕೊಠಡಿ, ಮುಖಗವಸು ಮತ್ತು ನೀರು ಚಿಮುಕಿಸಿ ಗುಡಿಸುವ ಅಭ್ಯಾಸ ಇವನ್ನು ಹೊಸ ಸದಸ್ಯರಿಗೆ ಕಾಳಿನ ವಿಷಯಕ್ಕಿಂತ ಮೊದಲು ಕಲಿಸಬೇಕು.

ಪ್ರಶ್ನೆ: ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣದಲ್ಲಿ ನೆಲೆಸಿರುವ ನನ್ನನ್ನು ಅಲ್ಲಿನ ಹಕ್ಕಿ ಸಂಘದ ಹಿರಿಯರು ಕಾರ್ಯದರ್ಶಿಯಾಗಿ ಮಾಡಿದ್ದಾರೆ. ಸಭೆಗೆ ಬರುವವರು ಹತ್ತು ಹನ್ನೆರಡು ಮಂದಿ, ಹೆಚ್ಚಿನವರು ಎಪ್ಪತ್ತು ದಾಟಿದವರು. ಸಭಾಂಗಣದ ಬಾಡಿಗೆ ಚಂದಾ ಹಣವನ್ನು ನುಂಗುತ್ತಿದೆ. ಒಂದು ಕಪಾಟು ತುಂಬ ಬೆಳ್ಳಿ ಬಟ್ಟಲುಗಳೂ ಹಳೆಯ ನಡಾವಳಿ ಪುಸ್ತಕಗಳೂ ಇವೆ. ಸಂಘವನ್ನು ಮುಚ್ಚಬೇಕೇ, ಪಕ್ಕದ ಊರಿನ ಸಂಘದೊಂದಿಗೆ ಸೇರಿಸಬೇಕೇ, ಹೀಗೆಯೇ ಎಳೆದುಕೊಂಡು ಹೋಗಬೇಕೇ?

ಉತ್ತರ: ಮೊದಲು ಸದಸ್ಯರ ಬಳಿ ಯಾವ ಯಾವ ಹಕ್ಕಿಗಳಿವೆ ಎಂದು ಪಟ್ಟಿ ಮಾಡಿ: ತಳಿ, ಉಂಗುರದ ಸಂಖ್ಯೆ, ತಂದೆ ತಾಯಿ, ಎಷ್ಟು ವರ್ಷಗಳಿಂದ ಆ ವಂಶ ಅವರಲ್ಲಿದೆ ಎಂಬ ವಿವರ. ಸಂಘ ಉಳಿಯುವುದಕ್ಕಿಂತ ಇದು ಉಳಿಯುವುದು ಮುಖ್ಯ. ಲಂಡನ್ ಫ್ಯಾನ್ಸಿ ಎಂಬ ಕ್ಯಾನರಿ ತಳಿ ಕೆಲವೇ ಜನರ ಕೈಯಲ್ಲಿ ಉಳಿದು 20ನೇ ಶತಮಾನದ ಮೊದಲರ್ಧದಲ್ಲಿ ಇಲ್ಲವಾಯಿತು. ಅದರ ನೆಂಟನೆಂದೇ ತಿಳಿಯಲಾದ ಲಿಝರ್ಡ್ ತಳಿ ಎರಡನೆಯ ಮಹಾಯುದ್ಧದ ಕೊನೆಗೆ ಅದೇ ಹಾದಿಯಲ್ಲಿತ್ತು. 1945ರಲ್ಲಿ ಅದಕ್ಕಾಗಿಯೇ ಸಂಘ ಕಟ್ಟಿದವರು ಅಲ್ಲಲ್ಲಿ ಉಳಿದಿದ್ದ ಹಕ್ಕಿಗಳನ್ನು ಹುಡುಕಿ ತಳಿಯನ್ನು ಉಳಿಸಿದರು. ಬೆನ್ನಿನ ಮೇಲೆ ಸಾಲುಸಾಲಾಗಿ ಹುರುಪೆಯಂಥ ಚುಕ್ಕೆಗಳಿರುವ ಆ ಹಕ್ಕಿಯ ಚೆಲುವು ಪೂರ್ಣವಾಗಿ ಇರುವುದು ಮೊದಲ ವರ್ಷದಲ್ಲಿ ಮಾತ್ರ, ನಂತರ ಪ್ರತಿ ಸಲ ಗರಿ ಉದುರಿದಾಗಲೂ ಚುಕ್ಕೆ ಕೆಡುತ್ತದೆ. ಇಂಥ ಹಕ್ಕಿಯನ್ನು ಮಾರುಕಟ್ಟೆ ಕಾಪಾಡುವುದಿಲ್ಲ, ಹಟವಿರುವ ಹತ್ತು ಜನ ಕಾಪಾಡುತ್ತಾರೆ. ಹಿರಿಯ ಸದಸ್ಯರೊಬ್ಬರು ತೀರಿಕೊಂಡಾಗ ನಲವತ್ತು ವರ್ಷಗಳ ವಂಶ ಒಂದೇ ಬೆಳಗ್ಗೆ ಹರಿದು ಹಂಚಿಹೋಗದಿರಲು, ಹಕ್ಕಿಗಳು ಯಾರಿಗೆ ಹೋಗಬೇಕೆಂಬುದನ್ನು ಅವರು ಬದುಕಿರುವಾಗಲೇ ಬರೆಸಿಟ್ಟುಕೊಳ್ಳಿ. ಕೇಳಲು ಮುಜುಗರವಾಗುತ್ತದೆ, ಆದರೂ ಕೇಳಿ.

ಪಕ್ಕದ ಊರಿನೊಂದಿಗೆ ಸೇರುವುದರಲ್ಲಿ ಅವಮಾನವಿಲ್ಲ. ವಾರ್ಷಿಕ ಬಹಿರಂಗ ಪ್ರದರ್ಶನವನ್ನು ಇಬ್ಬರೂ ಸೇರಿ ಮಾಡಿ, ಸಭೆಗಳನ್ನು ಸದಸ್ಯರ ಮನೆಗಳಲ್ಲೋ ಗ್ರಂಥಾಲಯದ ಕೊಠಡಿಯಲ್ಲೋ ಪ್ರತ್ಯೇಕವಾಗಿ ನಡೆಸುವ ವ್ಯವಸ್ಥೆಯನ್ನು ಒಂದೆರಡು ವರ್ಷ ಪರೀಕ್ಷಿಸಿ ನೋಡಿ. ಛಾಯಾಚಿತ್ರ ಕಳುಹಿಸಿ ತೀರ್ಪು ಪಡೆಯುವ ಸ್ಪರ್ಧೆಗಳನ್ನು ಮಾತ್ರ ನಾನು ಮೆಚ್ಚಲಾರೆ. ಕೂರುಕಡ್ಡಿಯಿಂದ ಕೂರುಕಡ್ಡಿಗೆ ಜಿಗಿಯುವಾಗಿನ ನಿಲುವು ಮತ್ತು ಗರಿಯ ಬಿಗಿ ಚಿತ್ರದಲ್ಲಿ ತಿಳಿಯುವುದಿಲ್ಲ.

ನಡಾವಳಿ ಪುಸ್ತಕಗಳನ್ನು ನಿಮ್ಮ ಕೌಂಟಿಯ ದಾಖಲೆ ಕಚೇರಿಗೆ ತೋರಿಸಿ. ಸ್ಥಳೀಯ ಸಂಘಗಳ ಕಾಗದಪತ್ರಗಳನ್ನು ಇಂಥ ಕಚೇರಿಗಳು ಸ್ವೀಕರಿಸುತ್ತವೆ. ಬಾಡಿಗೆ, ಕಾಳಿನ ಬೆಲೆ, ಸದಸ್ಯರ ಕಸುಬು, ಯುದ್ಧಕಾಲದ ಕೊರತೆ ಎಲ್ಲವೂ ಅದರಲ್ಲಿ ಇರುವುದರಿಂದ ಊರಿನ ಚರಿತ್ರೆಕಾರನಿಗೆ ಅದು ಹಕ್ಕಿಗಳ ಪುಸ್ತಕ ಮಾತ್ರವಾಗಿರುವುದಿಲ್ಲ. ಬೆಳ್ಳಿ ಬಟ್ಟಲುಗಳನ್ನು ಮಾರುವ ಮುನ್ನ ಸಂಘದ ನಿಯಮಾವಳಿಯಲ್ಲಿ ವಿಸರ್ಜನೆಯ ವಿಧಿ ಏನು ಹೇಳುತ್ತದೆಂದು ಓದಿ. ಕೆಲವನ್ನು ಕುಟುಂಬಗಳು ಷರತ್ತಿನ ಮೇಲೆ ಕೊಟ್ಟಿರಬಹುದು.

ಕಾನೂನಿನ ಒಂದು ಮಾತು. 2024ರ ಅಕ್ಟೋಬರ್ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಂದೇ ಹಕ್ಕಿ ಸಾಕಿದರೂ ಸರ್ಕಾರದಲ್ಲಿ ನೋಂದಾಯಿಸುವುದು ಕಡ್ಡಾಯ. ಹೊರಗೆ ಬಿಡದೆ ಪೂರ್ತಿಯಾಗಿ ಮನೆಯೊಳಗೇ ಇಡುವ ಬಡ್ಜಿ, ಕ್ಯಾನರಿಯಂಥ ಹಕ್ಕಿಗಳಿಗೆ ವಿನಾಯಿತಿಯಿದೆ. ಹಿತ್ತಲಿನ ತೆರೆದ ಪಕ್ಷಿಗೃಹಕ್ಕೆ ಇಲ್ಲ. ಹಿರಿಯ ಸದಸ್ಯರಿಗೆ ಕಂಪ್ಯೂಟರಿನ ಅರ್ಜಿ ತೊಡಕೆನಿಸಿದರೆ, ಒಂದು ಸಂಜೆ ಎಲ್ಲರನ್ನೂ ಕೂರಿಸಿ ತುಂಬಿಸಿಕೊಡಿ. ಸಂಘ ಇಂದಿಗೂ ಏಕೆ ಬೇಕೆಂದು ಕೇಳುವವರಿಗೆ ಆ ಸಂಜೆಯ ಕೆಲಸವೇ ಸಾಕಷ್ಟು ಉತ್ತರ.

ಪ್ರಶ್ನೆ: ಸದಸ್ಯರಾಗಲು ಹಕ್ಕಿ ಸಾಕಿರಲೇಬೇಕೇ?

ಉತ್ತರ: ಬೇಕಾಗಿಲ್ಲ. ಬಹಳ ಸಂಘಗಳು ಆಸಕ್ತರನ್ನು ಹಾಗೆಯೇ ಸೇರಿಸಿಕೊಳ್ಳುತ್ತವೆ. ಮೊದಲ ವರ್ಷ ಹಕ್ಕಿ ಕೊಳ್ಳದೆ, ಪ್ರದರ್ಶನದ ದಿನ ತೀರ್ಪುಗಾರನ ಮುಂದಕ್ಕೆ ಪಂಜರಗಳನ್ನು ತಂದಿಟ್ಟು ಮರಳಿ ಒಯ್ಯುವ ಸ್ಟುವರ್ಡ್ ಕೆಲಸವನ್ನು ಕೇಳಿ ಪಡೆಯುವುದು ಒಳ್ಳೆಯದು. ತೀರ್ಪು ನಡೆಯುವಾಗ ಆ ಮೇಜಿನ ಬಳಿ ಮಾಲೀಕರಿಗೆ ಪ್ರವೇಶವಿರುವುದಿಲ್ಲ, ನಿಮಗಿರುತ್ತದೆ. ಯಾವ ಹಕ್ಕಿ ಏಕೆ ಹಿಂದೆ ಬಿತ್ತೆಂಬುದನ್ನು ತೀರ್ಪುಗಾರ ಗೊಣಗುವಾಗ ಕೇಳಿಸಿಕೊಳ್ಳಿ, ಎದುರು ಮಾತನಾಡಬೇಡಿ.